ಆಶ್ರಮ ಮುಚ್ಚಿದ ದಿನ

ಮಂಗಳೂರು ಬಸ್ಸಿಗಾಗಿ ನಬೀಸಾ ಮೂಡುಬಿದಿರೆಯಲ್ಲಿ ಕಾಯುತ್ತಿದ್ದಳು. ಬುದ್ಧಿಮಾಂದ್ಯರ ಆಶ್ರಮದಿಂದ ತಂಗಿಯನ್ನು ಕರೆದುಕೊಂಡು ಬಂದ ಒಬ್ಬಾತ ಪಕ್ಕದಲ್ಲೇ ಕೂತ. ತಂಗಿಗೆ ಮೂವತ್ತು ದಾಟಿತ್ತು, ಮಾತು ನಿಧಾನ.

“ಆಶ್ರಮ ಮುಚ್ಚಿತು ಶಶಿ. ಇನ್ನು ಮನೆಯಲ್ಲೇ ಇರುವುದು.”

“ಮೊದಲಿನ ಹಾಗೆ ಹಗಲು ಬೀಗ ಹಾಕ್ತೀಯಾ ಅಣ್ಣ?”

“ನಾನು ಹೋಟೆಲಿಗೆ ಹೋದ ಮೇಲೆ ನಿನ್ನನ್ನು ನೋಡ್ಲಿಕ್ಕೆ ಯಾರುಂಟು?”

“ನೋಡುವುದು ಬೇಡ. ಇಲ್ಲಿ ಸಂತೆಗೆ ನಾನೇ ಹೋಗ್ತಿದ್ದೆ. ಭಜನೆಗೆ ತಾಳ ಹಾಕ್ತಿದ್ದೆ. ಟೀಚರನ್ನು ಕೇಳು.”

“ಟೀಚರೇ ಅಳ್ತಾ ಹೋದ್ರಲ್ಲ ಮಾರಾಯ್ತಿ.”

“ನನ್ನನ್ನೂ ಹೋಟೆಲಿಗೆ ಕರ್ಕೊಂಡು ಹೋಗು. ಲೋಟ ತೊಳೀತೇನೆ.”

“ಹೋಟೆಲು ನನ್ನದಲ್ಲ ಶಶಿ. ಧಣಿಯ ಕಾಲು ಹಿಡಿದೂ ಆಯ್ತು.”

ಬೆಳ್ತಂಗಡಿ ಬಸ್ಸು ಬಂತು. ಅಣ್ಣ ಚೀಲ ಎತ್ತಿಕೊಂಡು ಮೊದಲು ಹತ್ತಿದ. ಶಶಿ ಮೆಟ್ಟಿಲಲ್ಲೇ ನಿಂತು ಕಂಡಕ್ಟರನನ್ನು ಕೇಳಿದ್ದು ನಬೀಸಾಳಿಗೆ ಸ್ಪಷ್ಟವಾಗಿ ಕೇಳಿಸಿತು:

“ನಾಳೆ ಇಲ್ಲಿಗೆ ವಾಪಸ್ ಬರ್ಲಿಕ್ಕೆ ಬಸ್ಸು ಎಷ್ಟು ಗಂಟೆಗೆ?”