ಹೃದಯದ ಮೇಲಿನ ಬಿಳಿ ಚುಕ್ಕೆ

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಇದು ನನ್ನ ದೊಡ್ಡಪ್ಪನ ಮಗಳು ಪುಟ್ಟಕ್ಕನಿಗೆ ಆಗಿದ್ದು. ಆಸ್ಪತ್ರೆ ಹಿಂದೆ ಕಬ್ಬಿಣದ ಜಾಲರಿ ಮುಚ್ಚಿದ ಒಂದು ಹಳೇ ಬಾವಿ ಇದೆ. ಆವತ್ತು ಕತ್ತಲಾದ ಮೇಲೆ ಅವಳನ್ನ ಕರ್ಕೊಂಡು ಅದೇ ದಾರೀಲಿ ಮನೆಗೆ ಬರ್ತಿದ್ದೆ. ಬಾವಿ ಹತ್ತಿರ ಗಕ್ಕನೆ ನಿಂತಳು. ನನ್ನ ಮಣಿಕಟ್ಟು ಹಿಡ್ಕೊಂಡಳು. ಕೈ ಮಂಜುಗಡ್ಡೆ.

"ಇವತ್ತು ಅವನೂ ಹೋದ ಕಣೋ..." ಅಂದಳು, ಪಿಸುಮಾತಲ್ಲಿ.

"ಯಾರು?"

ಆಗ ಹೇಳಿದಳು.

ಪುಟ್ಟಕ್ಕ ಹೃದ್ರೋಗ ವಿಭಾಗದಲ್ಲಿ ಟೆಕ್ನಿಶಿಯನ್. ರೋಗಿಯ ಸ್ಕ್ಯಾನ್ ತಗೊಂಡು ಕಂಪ್ಯೂಟರಲ್ಲಿ ಹೃದಯದ ಅಚ್ಚು ಮಾಡೋದು ಅವಳ ಕೆಲಸ. ಡಾಕ್ಟ್ರು ಒಂದು ದಪ್ಪ ಕನ್ನಡಕ ಹಾಕ್ಕೊಳ್ತಾರೆ. ಅದರಲ್ಲಿ ಕೋಣೆ ಕೋಣೆಯಂತೇ ಕಾಣುತ್ತೆ... ಜೊತೆಗೆ ರೋಗಿಯ ಎದೆಯ ಮೇಲೆ, ಗಾಳಿಯಲ್ಲಿ, ಅವನ ಹೃದಯ ತೇಲ್ತಿರುತ್ತೆ. ತೊಡೆಯಿಂದ ತೂರಿಸಿದ ಸಣ್ಣ ಕೊಳವೆ ಎಲ್ಲಿಗೆ ಹೋಯ್ತು ಅಂತ ಅದರೊಳಗೇ ನೋಡ್ಕೋಬಹುದು. ಕನ್ನಡಕ ಹಾಕಿದವರು ಎಲ್ಲಿ ನೋಡ್ತಾರೋ ಅಲ್ಲೊಂದು ಚುಕ್ಕೆ. ದೊಡ್ಡ ಡಾಕ್ಟ್ರದು ನೀಲಿ. ಪುಟ್ಟಕ್ಕನದು ಹಸಿರು. ಕಲಿಯೋಕೆ ಬಂದವರಿಗೆ ಅಂತ ಇನ್ನೊಂದು ಕನ್ನಡಕ ಇತ್ತು, ಅದರದು ಬಿಳಿ.

ಮೊದಲನೇ ಸಲ ಆಗಿದ್ದು ಒಬ್ಬ ಹೊಲಿಗೆ ಟೀಚರ್‌ಗೆ. ಹೃದಯದಲ್ಲಿ ಸಣ್ಣ ತೂತು, ಮುಚ್ಚಬೇಕಿತ್ತು. "ನಾನು ಬಟ್ಟೆಗೆ ತೇಪೆ ಹಾಕ್ತೀನಿ, ನೀವು ನನಗೆ ಹಾಕಿ" ಅಂತ ನಗ್ತಾನೇ ಮಲಗಿದಳಂತೆ.

ಎಲ್ಲಾ ಸರಿಯಾಗೇ ನಡೀತಿತ್ತು. ಮಾನಿಟರ್... ಟೀಂಕ್... ಟೀಂಕ್... ಅಷ್ಟರಲ್ಲಿ ಪುಟ್ಟಕ್ಕನ ಕಿವಿಯಲ್ಲಿ 'ಟುಣ್' ಅಂತು. ಇನ್ನೊಬ್ಬರು ಕನ್ನಡಕ ಹಾಕಿಕೊಂಡರೆ ಬರೋ ಸದ್ದು ಅದು.

ತೇಲ್ತಿದ್ದ ಹೃದಯದ ಹಿಂದಿನ ಗೋಡೆ ಮೇಲೆ ಬಿಳಿ ಚುಕ್ಕೆ. ಅಲುಗಾಡದೆ ನಿಂತಿದೆ.

ಪುಟ್ಟಕ್ಕ ತಿರುಗಿ ನೋಡಿದಳು. ಮೂರನೇ ಕನ್ನಡಕ ಬೀರುವಿನಲ್ಲಿತ್ತು. ಬ್ಯಾಟರಿ ತೆಗೆದು ಪಕ್ಕದಲ್ಲಿಟ್ಟಿದ್ದು ಗಾಜಿನ ಬಾಗಿಲಾಚೆ ಕಾಣ್ತಿತ್ತು. ಸಾಫ್ಟ್‌ವೇರ್ ತಪ್ಪಿರಬೇಕು ಅಂದುಕೊಂಡು ಸುಮ್ಮನಾದಳು.

ನಾಲ್ಕು ನಿಮಿಷ. ಆ ಚುಕ್ಕೆ ಇದ್ದ ಜಾಗದಲ್ಲೇ ಗೋಡೆ ಹರಿದು ರಕ್ತ ಹೃದಯದ ಸುತ್ತ ತುಂಬಿಕೊಳ್ತು. ರಕ್ತ ಎಳೆಯೋ ಯಂತ್ರ ಸರ್ರ್... ಸರ್ರ್... ಅಂತ ಒದ್ದಾಡಿತು. ಆಮೇಲೆ ಮಾನಿಟರಿನದು ಒಂದೇ ಸಮ, ಟೀ... ಅಂತ. ಆ ಸದ್ದು ನಿಲ್ಲಿಸೋಕೂ ಯಾರ ಕೈಯೂ ಏಳಲಿಲ್ಲವಂತೆ.

ಪುಟ್ಟಕ್ಕ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಆ ಟೀಚರ್ ಬದುಕ್ತಿದ್ದಳೇನೋ ಅಂತ ಮೂರು ವಾರ ಊಟ ಸೇರಲಿಲ್ಲ ಅವಳಿಗೆ.

ಆಮೇಲೆ ಬಂದವನು ಒಬ್ಬ ಲಿಫ್ಟ್ ಮೆಕ್ಯಾನಿಕ್. ಮೂವತ್ತೆಂಟು ವಯಸ್ಸು. ಬಾಯಿ ಜೋರು. "ಡಾಕ್ಟ್ರೇ, ಜನರನ್ನ ಮೇಲಕ್ಕೆ ಕಳಿಸೋದು ನನ್ನ ಕೆಲಸ. ನೀವು ಮಾತ್ರ ನನ್ನ ಕಳಿಸಬೇಡಿ!" ನರ್ಸ್‌ಗಳೆಲ್ಲ ಬಿದ್ದು ಬಿದ್ದು ನಕ್ಕರು.

ಪುಟ್ಟಕ್ಕ ಕನ್ನಡಕ ಹಾಕಿದಳು. ಈ ಸಲ 'ಟುಣ್' ಅನ್ನಲಿಲ್ಲ... ಬಿಳಿ ಚುಕ್ಕೆ ಮೊದಲೇ ಅಲ್ಲಿತ್ತು. ದೊಡ್ಡ ರಕ್ತನಾಳ ಹೊರಡೋ ಬುಡದಲ್ಲಿ.

ಡಾಕ್ಟ್ರ ಕಡೆ ತಿರುಗಿದಳು. "ಸರ್... ಬಿಳಿ ಚುಕ್ಕೆ."

ದೊಡ್ಡ ಡಾಕ್ಟ್ರ ಕೈ ನಿಂತಿತು.

"ಕಾಣ್ತಿದೆ," ಅಂದರು ಮೆಲ್ಲಗೆ. "ಆವತ್ತೂ ಕಂಡಿತ್ತಮ್ಮ ನನಗೆ."

ಕೊಳವೆ ವಾಪಸ್ ಎಳೆದರು. ಯಂತ್ರ ಕೆಟ್ಟಿದೆ, ಮುಂದಿನ ವಾರ ಮಾಡೋಣ ಅಂತ ಮನೆಯವರಿಗೆ ಹೇಳಿದರು. ಅವನ ಹೆಂಡತಿ ಮುಖ ಸಪ್ಪಗೆ ಮಾಡಿಕೊಂಡಳು. ಪುಟ್ಟಕ್ಕ ಮಾತ್ರ ಬಾತ್‌ರೂಮಿಗೆ ಹೋಗಿ ಖುಷಿಗೆ ಅತ್ತಳಂತೆ. ಒಂದು ಜೀವ ಉಳಿಸಿದೆವಲ್ಲ...

ಮೂರನೇ ದಿನ ಬೆಳಿಗ್ಗೆ, ವಾರ್ಡಲ್ಲಿ ಕೂತು ಅಂಗಿ ಗುಂಡಿ ಹಾಕ್ಕೊಳ್ತಿದ್ದವನು ಹಾಗೇ ಪಕ್ಕಕ್ಕೆ ವಾಲಿದ. ಅಷ್ಟೇ. ಯಾರೂ ಮುಟ್ಟಿರಲಿಲ್ಲ. ಸಂಜೆ ಹೊತ್ತಿಗೆ ಶವಪರೀಕ್ಷೆ ಮುಗೀತು. ಹರಿದಿದ್ದು ರಕ್ತನಾಳದ ಬುಡ. ಚುಕ್ಕೆ ಇದ್ದ ಜಾಗ.

ದೊಡ್ಡ ಡಾಕ್ಟ್ರು ಪುಟ್ಟಕ್ಕನ ಎದುರು ಕುರ್ಚಿ ಎಳೆದು ಕೂತರು. "ಮುಟ್ಟಿದರೂ ಆ ಟೀಚರ್ ಹೋದರು. ಮುಟ್ಟದೆ ಬಿಟ್ಟರೂ ಇವನು ಹೋದ," ಅಂದರು. "ಮತ್ತೆ ನಮಗೆ ಯಾಕಮ್ಮ ತೋರಿಸೋದು ಅದು?"



ಇಷ್ಟು ಹೇಳಿ ಪುಟ್ಟಕ್ಕ ನನ್ನ ಮಣಿಕಟ್ಟು ಬಿಟ್ಟಳು. ಬಾವಿ ದಾಟಿ ಮನೆ ಕಡೆ ನಡೆದೆವು.

ಆವತ್ತಿಂದ ದೊಡ್ಡ ಡಾಕ್ಟ್ರು ಕನ್ನಡಕ ಮುಟ್ಟಿಲ್ಲ. ಹಳೇ ಥರ ಪರದೆ ನೋಡ್ಕೊಂಡು ಮಾಡ್ತಾರೆ. ಸಾಯೋರು ಸಾಯ್ತಾನೇ ಇದ್ದಾರೆ. ಮೊದಲೇ ಗೊತ್ತಾಗೋದಿಲ್ಲ, ಅಷ್ಟೇ ವ್ಯತ್ಯಾಸ. ಪುಟ್ಟಕ್ಕ ಕೆಲಸ ಬಿಟ್ಟಳು. ಈಗ ಯಾರ ಎದೆ ಕಡೆಗೂ ನೋಡೋದಿಲ್ಲ. ಮಾತಾಡುವಾಗ ನೆಲ ನೋಡ್ತಾಳೆ. ನನ್ನ ಜೊತೆಗೂ.

ಬಿಡೋ ಮುಂಚೆ ಕಂಪ್ಯೂಟರಲ್ಲಿ ಒಂದು ಪಟ್ಟಿ ತೆಗೆದು ನೋಡಿದ್ದಳು. ಯಾರು ಯಾವ ಹೊತ್ತಿಗೆ ಕನ್ನಡಕ ಹಾಕಿ ಒಳಗೆ ಬಂದರು, ಯಾವ ಹೊತ್ತಿಗೆ ತೆಗೆದು ಹೊರಗೆ ಹೋದರು ಅಂತ ಅದರಲ್ಲಿ ತಾನಾಗೇ ದಾಖಲಾಗುತ್ತೆ. ಅದರ ಫೋಟೋ ನನಗೂ ತೋರಿಸಿದಳು. ನಾನು ಕಣ್ಣಾರೆ ಕಂಡಿದ್ದು, ಸುಳ್ಳು ಹೇಳಿ ನನಗೇನು ಆಗಬೇಕು? ಹೊಲಿಗೆ ಟೀಚರ್ ಸತ್ತ ದಿನದ ಪುಟದಲ್ಲಿ ಮೂರು ಸಾಲು. ಮೂರನೇ ಸಾಲಲ್ಲಿ ಹೆಸರಿಲ್ಲ. ಒಳಗೆ ಬಂದಿದ್ದು ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ.

ಹೊರಗೆ ಹೋದ ಹೊತ್ತಿನ ಜಾಗ ಖಾಲಿ.