ಮರ್ಲ್‌ನ ಫೋನು

ಕಾಫಿ ಅಂಗಡಿಯ ಸಾಲಿನಲ್ಲಿ ಇಬ್ಬರು ನಿಂತಿದ್ದರು: ಕೇಬಲ್ ಎಳೆಯುವ ಕರ್ಟಿಸ್, ಮತ್ತು ಹೋದ ವಾರ ಕಂಬದಿಂದ ಬಿದ್ದು ತೀರಿಕೊಂಡ ಅವನ ಜೊತೆಗಾರ ಮರ್ಲ್‌ನ ಹೆಂಡತಿ ನಡೀನ್.

“ಅವನ ಫೋನ್ ಆಫ್ ಮಾಡ್ಬೇಡ, ನಡೀನ್.”

“ಫೋನ್ ಮಾಡಿದವರೆಲ್ಲ ಮರ್ಲ್ ಇದಾನಾ ಅಂತಾರೆ, ಕರ್ಟಿಸ್.”

“ಇನ್ನು ಇಪ್ಪತ್ತು ದಿನ ತಡ್ಕೋ. ಅವನು ಹಾಕಿದ ಲೈನ್ ತಿಂಗಳೊಳಗೆ ಕೆಟ್ಟು ಕಂಪನಿಗೆ ದೂರು ಹೋದ್ರೆ, ಆ ಮನೆ ಕೂಲಿ ಪೂರ್ತಿ ಕಟ್.”

“ಸತ್ತವನದ್ದೂನಾ?”

“ಸತ್ತವನದ್ದೂನೂ. ಲೈನ್ ಕೆಟ್ಟವರು ಮೊದಲು ಅವನಿಗೇ ಫೋನ್ ಮಾಡ್ತಾರೆ. ನೀನು ವಿಳಾಸ ಬರ್ಕೋ, ದೂರು ಹೋಗೋ ಮೊದ್ಲೇ ನಾನು ಹೋಗಿ ಸರಿ ಮಾಡ್ತೀನಿ.”

“ನಿಂಗ್ಯಾರು ಕೊಡ್ತಾರೆ?”

“ಒಂದು ಕಾಫಿ ಕೊಡ್ಸು, ಸಾಕು. ಆ ಜಿಪುಣ ಯಾವತ್ತೂ ಕೊಡ್ಸಿಲ್ಲ.”

ನಡೀನ್ ನಗುವಷ್ಟರಲ್ಲಿ ಕೈಚೀಲದಲ್ಲಿ ಮರ್ಲ್‌ನ ಫೋನು ಹೊಡೆದುಕೊಂಡಿತು.

“ಹೌದು, ಮರ್ಲ್ ನಂಬರೇ,” ಎಂದಳು. “ಇಲ್ಲ, ಅವರು ಕೆಲಸಕ್ಕೆ ಹೋಗಿದಾರೆ. ವಿಳಾಸ ಹೇಳಿ.”

ಕರ್ಟಿಸ್ ಅವಳ ಕೈಗೆ ಪೆನ್ನು ಕೊಟ್ಟು ಬಾಗಿಲು ತೆರೆದು ಹಿಡಿದ. ಇಬ್ಬರೂ ಕಾಫಿ ಕೊಳ್ಳದೆಯೇ ಹೊರಟುಹೋದರು.