ಬೆಳಕಿನ ಕೋಣೆಗೆ ಮುನ್ನ

ಮರಾಠಿ ಊರಿನ ಸದಾಶಿವ ಪೇಠದಲ್ಲಿ ಚರ್ಮದ ಡಾಕ್ಟರ ಬಳಿ ಕಾಯುತ್ತಿದ್ದ ಚನ್ನವೀರನಿಗೆ ಪಕ್ಕದ ಬೆಂಚಿನಿಂದ ತನ್ನ ಸೀಮೆಯ ಕನ್ನಡ ಕೇಳಿಸಿತು. ಒಬ್ಬ ಅಜ್ಜ, ಒಬ್ಬ ಅಜ್ಜಿ, ನಡುವೆ ಮೊಮ್ಮಗಳು ಪೂರ್ವಾ.

“ತೊಡಿ ಚರ್ಮಾ ತಗದು ಹಣಿಗೆ ಕೂಡಿಸ್ಯಾರ. ಬಣ್ಣ ಬರ್ಲಿ ಅಂತ ಮ್ಯಾಲ ಬೆಳಕೂ ಕೊಡಸಾಕತ್ತೀವಿ. ಆದ್ರೂ ತೊನ್ನಿನ ಕಲಿ ಹಂಗ ಅದ,” ಎಂದ ಅಜ್ಜ.

“ಆ ಬೆಳಕಿಗೆ ಮಾರಿ ಎಲ್ಲಾ ಕಪ್ಪಾತ್ರಿ. ಕಲಿ ಒಂದ ಬಿಳೇದ ಉಳದದ,” ಎಂದಳು ಅಜ್ಜಿ.

“ಡಾಕ್ಟರಗೂ ತಿಳಿವಲ್ದಂತ. ಒಳಗ ನೆಟ್ಟಗ ನಿಲ್ತಾಳಿಲ್ಲೊ?”

“ಕರೇ ಚಷ್ಮಾ ಹಾಕ್ಕೊಂಡು ಗೊಂಬಿಗತೆ ನಿಲ್ತಾಳ್ರಿ.”

ನರ್ಸು ಹೆಸರು ಕೂಗಿದಳು. ಅಜ್ಜಿ ಎದ್ದು, ಚೀಲದಿಂದ ದೊಡ್ಡದೊಂದು ಅಂಟುಬೊಟ್ಟಿನ ಟಿಕಳಿ ತೆಗೆದು, ಕಲೆ ಪೂರಾ ಮುಚ್ಚುವಂತೆ ಹುಡುಗಿಯ ಹಣೆಗೆ ಒತ್ತಿದಳು.

“ಹೆಣ್ಣು ಹುಡುಗಿ, ಬರೇ ಹಣೀಲೆ ದೀಪದ ಮುಂದ ಹೆಂಗ ನಿಲ್ಲಸೂದು?”

ಚನ್ನವೀರ ಏಳುವಷ್ಟರಲ್ಲಿ ಅವರ ಹಿಂದೆ ಬಾಗಿಲು ಹಾಕಿಕೊಂಡಿತ್ತು.